ಶಕುನದ ನೀರಿಗೂ ಮೀಟರು

ನನ್ನ ಮದುವೆಯ ಮಾತುಕತೆಯಲ್ಲಿ ಬೇಡಿಕೆ ಇಟ್ಟವರು ಗಂಡಿನ ಕಡೆಯವರಲ್ಲ, ನಾವು. ಕೇಳಿದ್ದು ಬಂಗಾರವಲ್ಲ, ಬೆಳ್ಳಿಯಲ್ಲ, ಒಂದು ನಲ್ಲಿ. ಈಗ ಇದನ್ನು ಹೇಳಿದರೆ ಮನೆಯ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಒಂದು ದಿನ ತುಂಬಿದ ಕೊಡ ಸೊಂಟಕ್ಕೆ ಏರಿಸಿಕೊಂಡು ಓಣಿ ದಾಟಿದ್ದರೆ ಗೊತ್ತಾಗುತ್ತಿತ್ತು.

ನನ್ನ ತವರು ಹರಿಹರ. ಹೊಳೆ ನಮ್ಮ ಮನೆಗೆ ಎಷ್ಟು ಹತ್ತಿರವೆಂದರೆ, ಒಲೆಯ ಮೇಲೆ ಹಾಲಿಟ್ಟು ಹೋಗಿ ಮುಳುಗು ಹಾಕಿ ಬಂದರೂ ಹಾಲು ಉಕ್ಕುತ್ತಿರಲಿಲ್ಲ. ಬಟ್ಟೆ ಒಗೆಯುವುದು ಹೊಳೆಯಲ್ಲಿ, ಮೈ ತೊಳೆಯುವುದು ಹೊಳೆಯಲ್ಲಿ, ಅಮ್ಮನ ಜೊತೆ ಜಗಳವಾದರೆ ಮುಖ ಊದಿಸಿಕೊಂಡು ಕೂರುವುದೂ ಹೊಳೆಯ ಮೆಟ್ಟಿಲ ಮೇಲೆ. ನೀರು ಎಂಬುದು ಖರ್ಚಾಗುವ ಪದಾರ್ಥ ಎಂದು ನನಗೆ ಮದುವೆಯಾಗುವ ತನಕ ಗೊತ್ತೇ ಇರಲಿಲ್ಲ.

ಅರವತ್ತನೇ ಇಸವಿಯ ಆಚೆ ಈಚೆ ಇರಬೇಕು, ದಾವಣಗೆರೆಯಿಂದ ಸಂಬಂಧ ಬಂತು. ಗಂಡಿನ ತಂದೆಯದು ಮೆಣಸಿನಕಾಯಿ ಮಂಡಿ. ಸ್ವಂತ ಮನೆ, ನಾಲ್ಕು ಜನರ ನಡುವೆ ಮರ್ಯಾದೆ, ಹುಡುಗನೂ ಚೆನ್ನಾಗಿದ್ದ. ನಮ್ಮಪ್ಪ ಮನೆ ನೋಡಲು ಹೋದರು. ಗಂಡಿನ ತಾಯಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಡುವಾಗ ಅಪ್ಪನಿಗೆ ಆಕೆಯ ಅಂಗೈ ಕಂಡಿತಂತೆ. ಆಕೆ ಮಾಯಕೊಂಡದ ಹೆಣ್ಣು. ಅಲ್ಲಿಯೂ ಸೇದುವ ಬಾವಿ, ಕೊಟ್ಟ ಮನೆಯಲ್ಲಿಯೂ ಸೇದುವ ಬಾವಿ. ಹಗ್ಗ ಎಳೆದೂ ಎಳೆದೂ ಅಂಗೈ ಪೂರ್ತಿ ಜಡ್ಡುಗಟ್ಟಿ, ಒಣಗಿದ ಚಕ್ಕಳದ ಹಾಗಾಗಿತ್ತು. ಅಪ್ಪ ಮಂಡಕ್ಕಿಗೆ ಕೈ ಹಾಕಲಿಲ್ಲ.

“ಹುಡುಗ ಒಪ್ಪಿಗೆ ಐತ್ರಿ. ಆದ್ರೆ ಮನ್ಯಾಗೆ ನಲ್ಲಿ ಹಾಕಿಸ್ರಿ, ಆಮ್ಯಾಲೆ ಮುಂದಿನ ಮಾತು” ಎಂದುಬಿಟ್ಟರು.

ನಮ್ಮ ಮಾವ ಮೆಣಸಿನಕಾಯಿ ಧಾರಣೆಯಲ್ಲಿ ಎಂಥೆಂಥವರನ್ನೋ ನೋಡಿದವರು, ಆದರೆ ನಲ್ಲಿ ಕೇಳುವ ಬೀಗರನ್ನು ನೋಡಿರಲಿಲ್ಲ. ಎರಡು ದಿನ ಗೊಣಗಿದರಂತೆ. ಮೂರನೆಯ ದಿನ ಮುನ್ಸಿಪಾಲಿಟಿಗೆ ಅರ್ಜಿ ಕೊಟ್ಟರು. ಹಿತ್ತಿಲಲ್ಲಿ ನಲ್ಲಿ ಬಂತು, ಅದರ ಪಕ್ಕಕ್ಕೆ ಗಾಜಿನ ಮುಖದ ಒಂದು ಮೀಟರೂ ಬಂತು. ಹಂದರ ಹಾಕುವ ಮೊದಲೇ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಓಣಿಯವರು ಅದಕ್ಕೆ ‘ಸೊಸೆ ನಲ್ಲಿ’ ಎಂದು ಹೆಸರಿಟ್ಟರು. ಹೀಗೆ ನನಗಿಂತ ಮೊದಲು ನನ್ನ ನಲ್ಲಿ ಗಂಡನ ಮನೆ ಸೇರಿತು.

ಸೇರಿದ್ದಷ್ಟೇ ಅಲ್ಲ, ನನ್ನ ಮಾನವನ್ನೂ ತನ್ನ ಜೊತೆ ಕಟ್ಟಿಕೊಂಡಿತು. ಮೊದಲ ತಿಂಗಳ ಬಿಲ್ಲು ಬಂದಾಗ ಮಾವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದೆ ಏನಾದರೂ ಬರೆದಿದೆಯೇ ಎಂದೂ ನೋಡಿದರು. ಎರಡನೆಯದು ಬಂದಾಗ “ಶಿವ ಶಿವಾ” ಎಂದರು. ಮೂರನೆಯದಕ್ಕೆ ಶಿವನನ್ನೂ ಕರೆಯಲಿಲ್ಲ, ನೆಟ್ಟಗೆ ಅಡಿಗೆಮನೆಯ ಕಡೆ ನೋಡಿದರು. ಆ ಕಾಲದಲ್ಲಿ ಸೊಸೆಯ ಜೊತೆ ಮಾವ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಹೇಳುವುದನ್ನು ಗೋಡೆಗೆ ಹೇಳಬೇಕು, ಗೋಡೆಯ ಈಚೆ ನಾನು ಕೇಳಿಸಿಕೊಳ್ಳಬೇಕು.

“ಹರಿಹರದ ಹೊಳೀನೇ ಮನೀಗೆ ಬಂದು ಕುಂತೈತೆ ನೋಡು. ಹೊಳ್ಯಾಗೆ ಹುಣಸೆಹಣ್ಣು ತೊಳೆದು ರೂಢಿ. ಇಲ್ಲಿ ಮೀಟರ್ ಓಡ್ತೈತೆ ಅಂಬೋದು ಹೆಂಗೆ ತಿಳೀಬೇಕು?” ಎಂದು ಗೋಡೆಗೆ ಹೇಳಿದರು.

ಅಂದಿನಿಂದ ನನ್ನ ಹೆಸರೇ ‘ಹೊಳೆ’. ಮೈಯೆಲ್ಲಾ ಉರಿದುಹೋಯಿತು. ಯಾಕೆಂದರೆ ನಾನು ಅಷ್ಟರಲ್ಲಿ ಆಗಲೇ ಅತ್ತೆಯ ಕೈಕೆಳಗೆ ಪಳಗಿದ್ದೆ. ನೀರು ಉಳಿಸುವುದರಲ್ಲಿ ನಮ್ಮತ್ತೆಗೆ ಊರಿನಲ್ಲಿ ಸರಿಸಾಟಿ ಇರಲಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ಬೇಳೆ ತೊಳೆಯಬೇಕು, ಬೇಳೆ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ. ಪಾತ್ರೆಯನ್ನು ಬೂದಿಯಲ್ಲಿ ಒಣದಾಗಿಯೇ ತಿಕ್ಕಿ, ಮೂರು ಬೋಗುಣಿ ನೀರಿನಲ್ಲಿ ಸಾಲಾಗಿ ಅದ್ದಿ ತೆಗೆಯಬೇಕು, ಇವತ್ತಿನ ಕೊನೆಯ ಬೋಗುಣಿಯ ನೀರು ನಾಳೆಗೆ ಮೊದಲನೆಯದು. ಸ್ನಾನ ಮಾಡುವವರು ಬಸಳೆ ಬಳ್ಳಿಗೆ ಹರಿಯುವ ಕಡೆ ಕೂತೇ ಮಾಡಬೇಕು. ನಮ್ಮನೆಯ ಬಸಳೆ ಸೊಪ್ಪಿನ ಸಾರಿಗೆ ಸೋಪಿನ ವಾಸನೆ ಇದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಮೊದಲ ದಿನ ನಾನು ಕಾಲಿಗೆ ಎರಡು ಚೊಂಬು ನೀರು ಹಾಕಿಕೊಂಡಾಗ ಅತ್ತೆ, “ನಿಂಗೆ ಎಷ್ಟು ಕಾಲದಾವೆ ಮಗಳೇ?” ಎಂದು ಕೇಳಿದ್ದರು. ಇಂಥ ಮನೆಯಲ್ಲಿ ನೀರು ಪೋಲು ಮಾಡಲು ಹೊಳೆಯೇನು, ಸಮುದ್ರಕ್ಕೂ ಧೈರ್ಯ ಬರುತ್ತಿರಲಿಲ್ಲ.

ಆದರೂ ಬಿಲ್ಲು ಏರುತ್ತಲೇ ಹೋಯಿತು. ಕಡೆಗೆ ಒಂದು ದಿನ ಊಟದ ಹೊತ್ತಿಗೆ ಮಾವ ಗೋಡೆಗೆ ಖಡಾಖಂಡಿತವಾಗಿ ಹೇಳಿದರು. “ಇನ್ನೊಂದು ತಿಂಗಳು ನೋಡ್ತೀನಿ. ಇಳೀಲಿಲ್ಲ ಅಂದ್ರೆ ನಲ್ಲಿ ಕೀಳಿಸೋದೇ. ಬಾವಿ ಏನು ಬತ್ತಿ ಹೋಗಿಲ್ಲ.”

ಅತ್ತೆ ಬಡಿಸುತ್ತಿದ್ದ ಸೌಟು ಅರ್ಧಕ್ಕೇ ನಿಂತಿತು. ನಲ್ಲಿ ಹೋದರೆ ಬಾವಿಯ ಹಗ್ಗ ನಮ್ಮಿಬ್ಬರ ಕೈಗೇ ಬರುವುದು. ಅತ್ತೆಯ ಜಡ್ಡು ಈಗೀಗ ಮೆತ್ತಗಾಗತೊಡಗಿತ್ತು. ಜೊತೆಗೆ, ಮಗಳಿಗಾಗಿ ಅಪ್ಪ ಕೇಳಿ ಪಡೆದದ್ದು ಅದೊಂದೇ. ಮಗಳೇ ಅದನ್ನು ಕಳೆದಳು ಎಂದರೆ ಹರಿಹರಕ್ಕೆ ಯಾವ ಮುಖ ಹೊತ್ತು ಹೋಗಲಿ?

ಮಾವ ನಲ್ಲಿ ರಿಪೇರಿಯ ಸಾಬರನ್ನು ಕರೆಸಿದರು. ಓಣಿಯ ಕೊನೆಯಲ್ಲಿ ತಗಡಿನ ಅಂಗಡಿ ಇಟ್ಟಿದ್ದ ಮುದುಕರು, ಕಲಾಯಿಯಿಂದ ಹಿಡಿದು ಕೊಳವೆಯ ತನಕ ಎಲ್ಲದಕ್ಕೂ ಅವರೇ. ಕಿವಿಯನ್ನು ಕೊಳವೆಗೆ ಇಟ್ಟು ಬಹಳ ಹೊತ್ತು ಕೇಳಿದರು, ಅಲ್ಲಲ್ಲಿ ತಟ್ಟಿದರು, ಮೀಟರಿನ ಗಾಜು ಒರೆಸಿ ಮುಳ್ಳು ನೋಡಿದರು.

“ನಲ್ಲಿ ಬಿಲ್ಕುಲ್ ತಂದುರುಸ್ತ್ ಐತ್ರಿ ಸೌಕಾರ್ರೇ. ಒಂದು ಹನಿ ಸೋರಂಗಿಲ್ಲ. ಬೀಮಾರಿ ನಲ್ಲ್ಯಾಗಿಲ್ಲ, ಮನ್ಯಾಗೈತೆ” ಎಂದರು.

ಮಾವ ಮತ್ತೆ ಅಡಿಗೆಮನೆಯ ಕಡೆ ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸಾಬರು ಹೋಗುವಾಗ ನನಗೊಂದು ಉಪಕಾರ ಮಾಡಿದರು. “ಈ ಮುಳ್ಳಿನ ಮ್ಯಾಲೆ ಕಣ್ಣಿಡ್ರಿ ಅವ್ವಾರೇ. ಅದು ಯಾವಾಗ ಜೋರಾಗಿ ಓಡ್ತೈತೋ ಅವಾಗ ಕಳ್ಳ ಸಿಕ್ಕ” ಎಂದು ಮೆಲ್ಲಗೆ ಹೇಳಿದರು. ಮರುದಿನದಿಂದ ನಾನು ಮೀಟರಿನ ಕಾವಲಿಗೆ ಬಿದ್ದೆ. ಪಾತ್ರೆ ತಿಕ್ಕುವಾಗ ಮುಳ್ಳು ಅಲುಗಾಡುತ್ತಲೇ ಇರಲಿಲ್ಲ. ಸ್ನಾನದ ಹೊತ್ತಿಗೆ ಸ್ವಲ್ಪ ತೆವಳುತ್ತಿತ್ತು. ಬೆಳಿಗ್ಗೆ ಬಟ್ಟೆ ಮಿಲ್ಲಿನ ಸೈರನ್ನು ಕೂಗಿ, ಗಂಡಸರು ಹೊರಗೆ ಹೊರಡುವ ಹೊತ್ತಿಗೆ ನೋಡಿ, ಗರಗರ ತಿರುಗುತ್ತಿತ್ತು. ಮಧ್ಯಾಹ್ನ ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ, ಅವರು ಮತ್ತೆ ಹೊರಡುವ ಹೊತ್ತಿಗೆ ಇನ್ನೊಮ್ಮೆ ಗರಗರ. ಹಾಗೆ ತಿರುಗಿಸುತ್ತಿದ್ದ ಕಳ್ಳಿ ಯಾರು ಅಂದುಕೊಂಡಿರಿ? ನಾನೇ! ಕೈಯಲ್ಲಿ ಕೊಡ ಹಿಡಿದು ನಲ್ಲಿಯ ಕೆಳಗೆ ನಿಂತಿದ್ದೆ.

ಅದೇನೆಂದು ಬಿಡಿಸಿ ಹೇಳಬೇಕು. ನಮ್ಮ ಮಾವನಿಗೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ತಲೆಯೊಳಗೆ ಮಾತ್ರ ಶಕುನ. ಮನೆಯಿಂದ ಹೊರಟಾಗ ಮುತ್ತೈದೆ ತುಂಬಿದ ಕೊಡ ಹೊತ್ತು ಎದುರು ಬರಬೇಕು, ಬಂದರೇ ಆ ದಿನ ವ್ಯಾಪಾರ. ಶರಣರು ಶಕುನ ನೋಡಬೇಡಿ ಎಂದಿದ್ದಾರಲ್ಲ ಎಂದು ನನ್ನ ಗಂಡ ಒಮ್ಮೆ ಅಂದಿದ್ದಕ್ಕೆ, “ಶರಣ್ರ ಕಾಲಕ್ಕೆ ಮೆಣಸಿನಕಾಯಿ ಮಂಡಿ ಇರ್ಲಿಲ್ಲಪ್ಪಾ” ಎಂದು ಬಾಯಿ ಮುಚ್ಚಿಸಿದ್ದರು. ಬಾವಿಯ ಕಾಲದಲ್ಲಿ ಇದೇನೂ ಕಷ್ಟವಿರಲಿಲ್ಲ. ಓಣಿಯ ಹೆಂಗಸರೆಲ್ಲ ಕೊಡ ಹೊತ್ತು ಓಡಾಡುತ್ತಿದ್ದರು. ಕಟ್ಟೆಯ ಮೇಲೆ ಎರಡು ನಿಮಿಷ ಕೂತರೆ ಶಕುನ ತಾನಾಗಿಯೇ ನಡೆದು ಬರುತ್ತಿತ್ತು. ನಮ್ಮ ನಲ್ಲಿ ಬಂದದ್ದೇ ತಡ, ಮನೆಮನೆಗೆ ನಲ್ಲಿ ಬಂತು. ಓಣಿಯಲ್ಲಿ ಕೊಡ ಹೊರುವವರೇ ಇಲ್ಲದಂತಾಯಿತು. ಮಾವ ಕಟ್ಟೆಯ ಮೇಲೆ ಕೂತು ಕೂತು ಸಾಕಾಗಿ, ಕಡೆಗೆ ಮನೆಯ ಸೊಸೆಯನ್ನೇ ಆ ಕೆಲಸಕ್ಕೆ ನೇಮಿಸಿದರು.

ಕೆಲಸ ಹೀಗೆ. ಮಾವ ರುಮಾಲು ಸುತ್ತಿ ಕೆಮ್ಮಿದ ಕೂಡಲೇ ನಾನು ಹಿತ್ತಿಲ ನಲ್ಲಿಯಲ್ಲಿ ಕೊಡ ತುಂಬಬೇಕು. ಹಿಂಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ಸುತ್ತಿ, ಬೀದಿಗೆ ಬಂದು, ಎಲ್ಲಿಂದಲೋ ಬರುವವಳ ಹಾಗೆ ಅವರಿಗೆ ಎದುರಾಗಬೇಕು. ಅವರು ನನ್ನನ್ನು ನೋಡಿ, ‘ಓಹೋ, ತುಂಬಿದ ಕೊಡ!’ ಎನ್ನುವ ಹಾಗೆ ಮುಖ ಮಾಡಿ ಹೋಗುತ್ತಿದ್ದರು. ನಾನು ನಗು ತಡೆಯಲು ಸೆರಗು ಕಚ್ಚಿಕೊಳ್ಳುತ್ತಿದ್ದೆ. ಆಮೇಲೆ ಆ ನೀರನ್ನು ಮನೆಯೊಳಗೆ ತರುವ ಹಾಗಿಲ್ಲ. ಹೊರಗೆ ಹೋದ ನೀರು ಹೊರಟ ಮನೆಗೇ ತಿರುಗಿ ಬಂದರೆ, ಹೋದ ಕೆಲಸವೂ ತಿರುಗಿ ಬಂದ ಹಾಗೆ. ಅದಕ್ಕೇ ಮನೆ ಮುಂದಿನ ಬೇವಿನ ಮರಕ್ಕೆ ಸುರಿಯುವುದು. ಮಾವನ ನಂತರ ನನ್ನ ಗಂಡ, ಅವರ ನಂತರ ಇಬ್ಬರು ಮೈದುನರು, ಒಬ್ಬೊಬ್ಬರಿಗೆ ಒಂದೊಂದು ಕೊಡ. ನಡುವೆ ಯಾರಾದರೂ ಸೀನಿದರೆ, ಬೆಕ್ಕು ಅಡ್ಡ ಬಂದರೆ, ಮಾವ ಕನ್ನಡಕ ಮರೆತು ತಿರುಗಿದರೆ, ಮೊದಲಿನ ಶಕುನ ಖರ್ಚಾದ ಲೆಕ್ಕ. ಅದಕ್ಕೆ ಹೊಸ ಕೊಡ. ಮಾವನಿಗೆ ಕನ್ನಡಕ ಮರೆಯುವುದು ಒಂದು ನಿತ್ಯವ್ರತ.

ಇಷ್ಟೆಲ್ಲ ದಿನ ನನ್ನ ಕೈಯಿಂದಲೇ ಸುರಿದಿದ್ದೇನೆ. ಆದರೂ ನನಗಾಗಲಿ, ಅಕ್ಕಿ ತೊಳೆದ ನೀರನ್ನು ಮೂರು ಸಲ ದುಡಿಸುವ ಅತ್ತೆಗಾಗಲಿ ಹೊಳೆದೇ ಇರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಅದು ನೀರು ಅಲ್ಲ, ಅದು ಶಕುನ. ಶಕುನಕ್ಕೆ ಮೀಟರ್ ಓಡುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ? ಓಣಿಯ ಬೇವಿನ ಮರಗಳೆಲ್ಲ ಬಿಸಿಲಿಗೆ ಬಾಡಿದ್ದಾಗ ನಮ್ಮದೊಂದೇ ಹೊಸ ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಎಲ್ಲರೂ ಅದಕ್ಕೆ ದೇವರ ದಯೆ ಎನ್ನುತ್ತಿದ್ದರು.

ನನ್ನ ಗಂಡನಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾದ್ರೆ ನಿಮ್ಮಪ್ಪಾರಿಗೆ ಹೇಳ್ರಿ” ಎಂದೆ. ನಗು ನಿಂತುಹೋಯಿತು. “ಬೆಕ್ಕಿನ ಕೊಳ್ಳಿಗೆ ಗಂಟೆ ಕಟ್ಟೋರ್ಯಾರು ಮಾರಾಯ್ತಿ? ನಂಗಂತೂ ಬ್ಯಾಡ” ಎಂದು ಮಗ್ಗುಲು ಬದಲಿಸಿದರು. ಗಂಡಸರ ಧೈರ್ಯ ಇಷ್ಟೇ.

ತಿಂಗಳು ಮುಗಿಯಿತು. ಬಿಲ್ಲು ಬಂತು. ಒಂದಿಷ್ಟೂ ಇಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಮಾವ ಪೂಜೆ ಮುಗಿಸಿ, ಶಾಯಿಯ ಪೆನ್ನು ತೆಗೆದುಕೊಂಡು ಅರ್ಜಿ ಬರೆದರು. ನಲ್ಲಿ ಬೇಡ, ತೆಗೆದುಕೊಂಡು ಹೋಗಿ ಎಂಬ ಅರ್ಜಿ. ಅದನ್ನು ಕೋಟಿನ ಜೇಬಿಗೆ ಇಟ್ಟುಕೊಂಡು, ರುಮಾಲು ಸುತ್ತಿ, ಕೆಮ್ಮಿದರು.

ಆ ಕೆಮ್ಮು ಯಾರಿಗೆ? ನನಗೆ! ನನ್ನ ನಲ್ಲಿ ಕೀಳಿಸುವ ಕೆಲಸ ಸುಸೂತ್ರವಾಗಿ ಆಗಲಿ ಎಂದು, ನನ್ನ ನಲ್ಲಿಯ ನೀರನ್ನೇ ಕೊಡ ತುಂಬಿಕೊಂಡು ನಾನೇ ಎದುರು ಬರಬೇಕು! ಅಭ್ಯಾಸಬಲದಿಂದ ಕೊಡ ತುಂಬಿದೆ, ಸೊಂಟಕ್ಕೆ ಏರಿಸಿದೆ, ಹಿಂಬಾಗಿಲಿನ ತನಕ ಹೋದೆ. ಮುಂದೆ ಕಾಲು ಏಳಲಿಲ್ಲ. ಸಿಟ್ಟು ನೆತ್ತಿಗೇರಿತು. ತಿರುಗಿ ಬಂದವಳೇ ಬಚ್ಚಲಿಗೆ ಕೊಡ ಬಗ್ಗಿಸಿದೆ. ನೋಡುತ್ತೇನೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಕೆ ನನ್ನ ಮುಖ ನೋಡಿದರು, ಕೊಡ ನೋಡಿದರು.

“ಬಚ್ಚಲಿಗೆ ಯಾಕ ಚೆಲ್ತೀಯ? ಹಂಡೆಗೆ ಸುರುವು” ಎಂದರು. ತಾವೇ ಬಂದು ಹಂಡೆಯ ಮುಚ್ಚಳ ತೆಗೆದು ಹಿಡಿದರು.

ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಸಂದಿ ಸುತ್ತಿ ಬೀದಿಗೆ ಬಂದೆ. ಮಾವ ಹೊಸ್ತಿಲು ದಾಟಿದ್ದರು. ಎಂದಿನಂತೆ ‘ಓಹೋ’ ಎನ್ನುವ ಮುಖ ಮಾಡಿದವರು, ಕೊಡ ನನ್ನ ಬಳೆಗೆ ತಾಗಿ ಢಣ್ ಎಂದದ್ದೇ ಬೆಚ್ಚಿಬಿದ್ದರು. ಖಾಲಿ ಕೊಡ ಎದುರಾದರೆ ಹೊರಟವರು ಹೊರಡಬಾರದು. ಹಿಂದಿರುಗಿ ಹೋಗಿ ಪಡಸಾಲೆಯಲ್ಲಿ ಕೂತು, ಒಂದು ಚೂರು ಬೆಲ್ಲ ತಿಂದು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಮ್ಮಿದರು. ನಾನು ಮತ್ತೆ ಸಂದಿ ಸುತ್ತಿ ಎದುರು ಬಂದೆ. ಢಣ್! ಮತ್ತೆ ಬೆಲ್ಲ, ಮತ್ತೆ ನೀರು. ಮೂರನೆಯ ಸಲ ಅವರು ಕೆಮ್ಮಲೇ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಹಿಂಬಾಗಿಲಿನಿಂದ ಹೊರಬಿದ್ದರು. ಸಂದಿಯಲ್ಲಿ ನಾನು ಆಗ ತಾನೇ ಬರುತ್ತಿದ್ದೆ. ಎದುರುಬದುರಾದೆವು.

ಆಗ ಮಾವ ಗೋಡೆಯನ್ನು ಬಿಟ್ಟು, ಮೊಟ್ಟಮೊದಲ ಸಲ ನನ್ನ ಜೊತೆ ಮಾತಾಡಿದರು.

“ಯಾಕವ್ವಾ, ನಲ್ಲ್ಯಾಗೆ ನೀರಿಲ್ಲೇನು?”

ನನಗೂ ಅದೇ ಮೊದಲ ಸಲ. “ನೀರು ಐತ್ರಿ ಮಾವಾರೇ. ಉಳಿಸಾಕತ್ತೀನಿ. ನಲ್ಲಿ ಕೀಳಿಸಾಕೆ ಹೊಂಟೋರಿಗೆ ನಲ್ಲಿ ನೀರಿನ ಶಕುನ ಯಾಕ್ರಿ?” ಎಂದುಬಿಟ್ಟೆ. ಅಂದಮೇಲೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನೆಲ ಬಾಯಿ ಬಿಡಲಿಲ್ಲ, ಹಿಂದಿನಿಂದ ಅತ್ತೆ ಬಿಟ್ಟರು. “ಒಂದು ದಿನಕ್ಕೆ ಹತ್ತು ಹನ್ನೆರಡು ಕೊಡ ಬೇವಿನ ಮರಕ್ಕೆ ಹೋಗ್ತಾವ್ರೀ, ನಿಮ್ಮ ಶಕುನ, ನಿಮ್ಮ ಮಕ್ಳ ಶಕುನ, ನಿಮ್ಮ ಕನ್ನಡಕದ ಶಕುನ. ಇವತ್ತು ಈಕಿ ಹಂಡೆಗೆ ಸುರುವಿದಾಗ ನಂಗೂ ಕಣ್ಣು ತೆರೀತು. ಬಿಲ್ಲು ಕುಡಿಯಾಕತ್ತಿದ್ದು ಆ ಮರ. ಬೈಸಿಕೊಂಡಿದ್ದು ಈ ಹುಡುಗಿ.” ಆಮೇಲೆ ಎರಡೂ ಅಂಗೈ ಅವರ ಮುಂದೆ ಚಾಚಿದರು. “ನೋಡ್ರಿ. ಮೂವತ್ತು ವರ್ಷ ಹಗ್ಗ ಎಳದೈತೆ ಈ ಕೈ. ಇನ್ನ ಎಳ್ಯಂಗಿಲ್ಲ. ನಲ್ಲಿ ಕೀಳಿಸೋದಾದ್ರೆ ಕೀಳಿಸ್ರಿ, ಹಗ್ಗ ನೀವೇ ಹಿಡೀರಿ.”

ಮಾವ ಆ ಕೈಗಳನ್ನು ನೋಡುತ್ತಾ ನಿಂತರು. ದಿನಾ ಆ ಕೈಯಲ್ಲೇ ಬಡಿಸಿಕೊಂಡು ಉಂಡವರು, ಅವತ್ತೇ ಮೊದಲು ಕಂಡ ಹಾಗೆ ನೋಡಿದರು. ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗೆ ಹಾಕಿ ಮೆಟ್ಟಿಕೊಂಡರು, ಮತ್ತೆ ಬಿಟ್ಟು ಒಳಗೆ ಹೋದರು. ಅವತ್ತು ಮಂಡಿಗೂ ಹೋಗಲಿಲ್ಲ. ರಾತ್ರಿಯ ಊಟದಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳಲೂ ಗಂಡಸರು ಹೆದರಿದರು.

ಮಾರನೆಯ ಬೆಳಿಗ್ಗೆ ಮಾವ ರುಮಾಲು ಸುತ್ತಿದರು. ಕೆಮ್ಮಲಿಲ್ಲ. ನೆಟ್ಟಗೆ ಹಿತ್ತಿಲಿಗೆ ಬಂದು, ನಲ್ಲಿಯ ಮುಂದೆ ನಿಂತು ಅದನ್ನೇ ದಿಟ್ಟಿಸಿ ನೋಡಿದರು. “ಊರಿನ ನಲ್ಲಿಗೆಲ್ಲ ನೀರು ಹರಿಹರದಿಂದ್ಲೇ ಬರ್ತೈತಂತೆ, ಇದ್ರ ಹಿಂದೆ ಆ ಹೊಳೀನೇ ಐತೆ. ಇದಕ್ಕಿಂತ ತುಂಬಿದ ಕೊಡ ಎಲ್ಲಿ ಹುಡುಕ್ಲಿ?” ಎಂದು ಗೋಡೆಗೆ ಹೇಳಿ, ಮುಂಬಾಗಿಲಿನಿಂದ ಹೋದರು. ಹೋದವರು ಎರಡು ನಿಮಿಷಕ್ಕೆ ತಿರುಗಿ ಬಂದರು. ಕನ್ನಡಕ ಮರೆತಿದ್ದರು. ಮತ್ತೊಮ್ಮೆ ನಲ್ಲಿ ನೋಡಿಕೊಂಡು ಹೋದರು. ನೋಡುವುದಕ್ಕೆ ಮೀಟರ್ ಓಡುವುದಿಲ್ಲವಲ್ಲ.

ಮುಂದಿನ ಬಿಲ್ಲು ಅರ್ಧಕ್ಕರ್ಧ ಇಳಿಯಿತು. ಮಾವ ಅದರ ಹಿಂಬದಿಯನ್ನೂ ತಿರುಗಿಸಿ ನೋಡಿದರು, ಏನೋ ತಪ್ಪಿರಬೇಕು ಎಂದು. ಬೇವಿನ ಮರ ಒಂದಿಷ್ಟು ಸೊರಗಿ, ಓಣಿಯ ಬೇರೆ ಮರಗಳ ಹಾಗೆ ಸಾಧಾರಣ ಮರವಾಯಿತು. ಮೆಣಸಿನಕಾಯಿ ವ್ಯಾಪಾರ ಮೊದಲು ಹೇಗಿತ್ತೋ ಹಾಗೇ ಇತ್ತು, ಒಂದು ದಿನ ಏರಿ ಒಂದು ದಿನ ಇಳಿದು.

ಇದಾದ ಕೆಲವು ದಿನಕ್ಕೆ ನಮ್ಮಪ್ಪ ಹರಿಹರದಿಂದ ನನ್ನನ್ನು ನೋಡಲು ಬಂದರು. ಅತ್ತೆ ಮತ್ತೆ ಮಂಡಕ್ಕಿಯ ತಟ್ಟೆ ಇಟ್ಟರು. ಅಪ್ಪ ಈ ಸಲವೂ ಮೊದಲು ಆಕೆಯ ಕೈ ನೋಡಿದರು, ಆಮೇಲೆ ಮಂಡಕ್ಕಿಗೆ ಕೈ ಹಾಕಿದರು. ಅತ್ತೆಯೂ ನಾನೂ ಒಳಗೆ ಬಂದು ಬಾಗಿಲ ಮರೆಯಲ್ಲಿ ನಿಂತೆವು.

“ನಲ್ಲಿ ಹೆಂಗೈತ್ರಿ ಬೀಗರೇ?” ಎಂದು ಅಪ್ಪ ಕೇಳಿದ್ದು ಕೇಳಿಸಿತು. ನಾನು ಬಾಗಿಲಿಗೆ ಇನ್ನಷ್ಟು ಕಿವಿ ಹಚ್ಚಿದೆ.

ಮಾವ ಒಂದು ತುತ್ತು ಮಂಡಕ್ಕಿ ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಅಗಿದರು. “ನಿಮ್ಮೂರ ಹೊಳಿ ನಮ್ಮನ್ಯಾಗೆ ಬಂದು ಕುಂತೈತ್ರೀ. ದಿನಾ ಅದ್ರ ಮಕ ನೋಡೇ ನಾನು ಹೊರಗೆ ಹೆಜ್ಜೆ ಇಡೋದು” ಎಂದರು.

ಅದು ನಲ್ಲಿಗೆ ಹೇಳಿದ್ದೋ ನನಗೆ ಹೇಳಿದ್ದೋ ಎಂದು ಅಪ್ಪನಿಗೆ ತಿಳಿಯದೆ ಹೋಗಿರಬಹುದು. ನನಗೆ ತಿಳಿಯಿತು. ಇಷ್ಟು ದಿನ ಮೈ ಉರಿಸಿದ್ದ ಅದೇ ‘ಹೊಳೆ’ ಅಂದು ಕಿವಿಗೆ ಬಿದ್ದದ್ದೇ ಕಣ್ಣು ತುಂಬಿ, ಕೆನ್ನೆಯ ಮೇಲೆ ನೀರು ಧಾರಾಕಾರವಾಗಿ ಇಳಿಯತೊಡಗಿತು. ಸೆರಗಿನಿಂದ ಎಷ್ಟು ಒರೆಸಿದರೂ ನಿಲ್ಲಲಿಲ್ಲ.

ಅತ್ತೆ ಪಕ್ಕದಲ್ಲೇ ನಿಂತು ನೋಡಿದರು. ತಮ್ಮ ಆ ಅಂಗೈಯಿಂದಲೇ ನನ್ನ ಕೆನ್ನೆ ಒರೆಸಿ, ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು. “ಸಾಕು ನಿಲ್ಸೇ ಹುಡುಗೀ. ಮೀಟರ್ ಇಲ್ಲ ಅಂತ ಸುಮ್ಮನೆ ಸುರುವ್ತೀಯೇನು?”